ಹೆಸರು ಅಳಿಸಿದರೆ ಸಾಕಾ? ಜರ್ನಲ್ ಡೇಟಾ ಕೇಳಿದಾಗ

ಓದುಗರ ಪ್ರಶ್ನೆ: "ಮೇಡಂ, ನಮಸ್ಕಾರ. ನಾನು ಸಮಾಜಕಾರ್ಯ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೈಸೂರು ಜಿಲ್ಲೆಯ ಕಾಡಂಚಿನ ಒಂಬತ್ತು ಹಾಡಿಗಳಲ್ಲಿ 186 ಜೇನುಕುರುಬ ಮಹಿಳೆಯರನ್ನು ಮಾತಾಡಿಸಿದ್ದೇನೆ. ವಿಷಯ ಸಿಕಲ್ ಸೆಲ್ (ತಾಯಿ ತಂದೆಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ) ಮತ್ತು ಮದುವೆ. ಮನೆಯಲ್ಲಿ ಯಾರಿಗೆ ಕಾಯಿಲೆ ಇದೆ, ಯಾರು ವಾಹಕರು, ಅದು ಗೊತ್ತಾದ ಮೇಲೆ ಸಂಬಂಧ ಮುರಿದದ್ದುಂಟಾ ಎಂದೆಲ್ಲ ಕೇಳಿದ್ದೇನೆ. ಒಪ್ಪಿಗೆ ಪತ್ರದಲ್ಲಿ 'ನಿಮ್ಮ ಮಾಹಿತಿಯನ್ನು ಸಂಶೋಧಕರು ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ' ಎಂದಿತ್ತು. ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೇವೆ. ಈಗ ಹೊರದೇಶದ ಒಂದು ಜರ್ನಲ್ ನಮ್ಮ ಪೇಪರನ್ನು ತಿದ್ದುಪಡಿಗೆ ವಾಪಸ್ ಕಳಿಸಿದೆ. ಪೇಪರಿನ ಹಿಂದಿರುವ ಡೇಟಾ ಎಲ್ಲರಿಗೂ ಸಿಗುವಂತೆ ಇಡಿ, 'ಲೇಖಕರನ್ನು ಕೇಳಿದರೆ ಕೊಡುತ್ತೇವೆ' ಎಂಬ ಸಾಲು ನಡೆಯುವುದಿಲ್ಲ ಅಂದಿದೆ. ಹೆಸರಿನ ಕಾಲಂ ಅಳಿಸಿ ಎಕ್ಸೆಲ್ ಹಾಕಿಬಿಡು ಅಂತಾನೆ ಗೆಳೆಯ. ಏನೂ ಕೊಡಬೇಡ, ಬೇರೆಯವರು ನಮ್ಮ ಡೇಟಾದಲ್ಲಿ ಪೇಪರ್ ಮಾಡಿಕೊಳ್ತಾರೆ ಅಂತಾರೆ ಗೈಡ್. ಹದಿನಾಲ್ಕು ದಿನ ಟೈಮ್ ಇದೆ. ನಮ್ಮಲ್ಲಿ ಪೇಪರ್ ಇಲ್ಲದೆ ಥೀಸಿಸ್ ಕೊಡುವ ಹಾಗಿಲ್ಲ. ಏನು ಮಾಡಲಿ?"

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಆ ಹೆಬ್ಬೆಟ್ಟು. ಒಬ್ಬ ತಾಯಿ ಮನೆ ಮುಂದೆ ಕೂತು, ಮಗಳ ಮದುವೆ ಯಾಕೆ ನಿಂತುಹೋಯಿತು ಅಂತ ನಿಮಗೆ ಹೇಳಿದ್ದಾರೆ. ಯಾರಿಗೂ ಕೊಡುವುದಿಲ್ಲ ಅಂದಿರಿ, ನಂಬಿದರು. ಈಗ ಒಂದು ಕಡೆ ಆ ಮಾತು, ಇನ್ನೊಂದು ಕಡೆ ನಿಮ್ಮ ಇಷ್ಟು ವರ್ಷದ ಓದು. ನಿದ್ದೆ ಕೆಡುವುದು ಸಹಜ.

ನೇರವಾಗಿ ಹೇಳುತ್ತೇನೆ. ಆ ಎಕ್ಸೆಲ್ ಹಾಕಬೇಡಿ. ಹಾಗಂತ ಏನೂ ಕೊಡದೆ ಕೂರಬೇಕಾಗಿಯೂ ಇಲ್ಲ. ನಡುವೆ ಒಂದು ದಾರಿ ಇದೆ, ಮತ್ತು ಆ ದಾರಿಗೆ ಜರ್ನಲ್‌ಗಳ ನಿಯಮದಲ್ಲೇ ಜಾಗ ಇದೆ. ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡುವಾಗ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಟೇಬಲ್ಲಿಗೆ ಬರುತ್ತಲೇ ಇತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಗೆಳೆಯರ ಸಲಹೆ. ಹೆಸರು ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ನಂಬಿಕೆ ತುಂಬಾ ಹಳೆಯದು, ಅದು ತಪ್ಪು ಅಂತ ಗೊತ್ತಾಗಿ ಕಾಲು ಶತಮಾನದ ಮೇಲಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧನೆಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು, ಎರಡನ್ನೂ ಜೋಡಿಸಿ ನೋಡಿದರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯೇ ಸಿಕ್ಕಿತು. ಅದೇ ಹುಟ್ಟಿದ ದಿನದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ಆ ಪಿನ್‌ಕೋಡಿನಲ್ಲಿ ಇದ್ದವರು ಒಬ್ಬರೇ. ಅಮೆರಿಕನ್ನರಲ್ಲಿ ಸುಮಾರು ಶೇ. 87 ಜನರನ್ನು ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಈ ಮೂರರಿಂದಲೇ ಗುರುತಿಸಬಹುದು ಅಂತ ಆಕೆ 2000ರಲ್ಲಿ ಲೆಕ್ಕ ಹಾಕಿದರು.

ನಮ್ಮಲ್ಲಿ ಇಪ್ಪತ್ತು ಡಾಲರೂ ಬೇಡ. ಮತದಾರರ ಪಟ್ಟಿ ಆನ್‌ಲೈನ್ ಇದೆ. ಅದರಲ್ಲಿ ಹೆಸರು, ವಯಸ್ಸು, ಗಂಡನ ಅಥವಾ ತಂದೆಯ ಹೆಸರು, ಮನೆ ನಂಬರ್ ಎಲ್ಲಾ ಇರುತ್ತದೆ. ನರೇಗಾ ಜಾಬ್ ಕಾರ್ಡ್ ಪಟ್ಟಿಯನ್ನೂ ಪಂಚಾಯ್ತಿವಾರು ಆನ್‌ಲೈನ್ ಹಾಕಿದ್ದಾರೆ. ನಿಮ್ಮ ಎಕ್ಸೆಲ್‌ನಲ್ಲಿ ಹಾಡಿ, ವಯಸ್ಸು, ಮಕ್ಕಳೆಷ್ಟು, ಎಷ್ಟು ಓದಿದ್ದಾರೆ, ಏನು ಕೆಲಸ ಎಂಬ ಕಾಲಂಗಳು ಇದ್ದೇ ಇರುತ್ತವೆ. ಮೂವತ್ತು ನಲವತ್ತು ಮನೆಯ ಹಾಡಿಯಲ್ಲಿ ನಲವತ್ತೊಂದು ವರ್ಷದ, ಮೂರು ಹೆಣ್ಣುಮಕ್ಕಳ, ಎಸ್ಸೆಸ್ಸೆಲ್ಸಿ ಓದಿದ, ಅಂಗನವಾಡಿ ಸಹಾಯಕಿ ಎಷ್ಟು ಜನ ಇದ್ದಾರು?

ಇನ್ನೂ ಒಂದು ಮಾತು. ಗುರುತು ಹಿಡಿಯುವವರು ಯಾರೋ ಹೊರದೇಶದ ಹ್ಯಾಕರ್ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹಿಡಿಯುವವರು ಅಕ್ಕಪಕ್ಕದವರು. ಹಿಂದೊಮ್ಮೆ ತರಬೇತಿಯೊಂದರಲ್ಲಿ ನಾನೇ ಹೆಸರು, ಊರು ಎರಡೂ ತೆಗೆದ ಒಂದು ಹಾಳೆಯನ್ನು ಪರದೆ ಮೇಲೆ ತೋರಿಸಿದ್ದೆ. ಎರಡನೇ ಬೆಂಚಿನಲ್ಲಿದ್ದ ಆಶಾ ಕಾರ್ಯಕರ್ತೆ ಒಂದು ಸಾಲು ನೋಡಿ, "ಇದು ನಮ್ಮ ಮೇಲ್ಕೇರಿ ಅಕ್ಕ ಅಲ್ವಾ ಮೇಡಂ" ಅಂದರು. ಅವಳಿ ಮಕ್ಕಳು, ಒಂದು ತೀರಿಕೊಂಡದ್ದು, ಹೆರಿಗೆ ಆದ ತಿಂಗಳು, ಇಷ್ಟೇ ಅಲ್ಲಿ ಇದ್ದದ್ದು. ಆವತ್ತು ನನ್ನಿಂದ ಒಬ್ಬ ತಾಯಿಯ ಗುಟ್ಟು ಇಪ್ಪತ್ತು ಜನರ ಮುಂದೆ ಬಯಲಾಯಿತು. ಅದು ಇವತ್ತಿಗೂ ನನಗೆ ನೋವಿನ ವಿಷಯ. ಅಂದಿನಿಂದ ಯಾವ ಫೈಲ್ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ, ಇದನ್ನು ಆ ಊರಿನವರು ನೋಡಿದರೆ ಏನಾಗುತ್ತದೆ?

ಎಕ್ಸೆಲ್ ಹಾಳೆಯಲ್ಲಿ ನಿಮ್ಮ ಕಣ್ಣಿಗೆ ಬೀಳದ ಗುರುತುಗಳೂ ಇರುತ್ತವೆ. ನೀವು ಕೋಬೋ ಅಥವಾ ಒಡಿಕೆ ಥರದ ಆ್ಯಪ್‌ನಲ್ಲಿ ಡೇಟಾ ತೆಗೆದಿದ್ದರೆ ಸಂದರ್ಶನ ಶುರುವಾದ ಹೊತ್ತು, ಮುಗಿದ ಹೊತ್ತು, ಮೊಬೈಲಿನ ನಂಬರ್, ಜಿಪಿಎಸ್ ಎಲ್ಲ ಬಲಗಡೆ ಕೊನೆಯ ಕಾಲಂಗಳಲ್ಲಿ ಸುಮ್ನೆ ಕೂತಿರಬಹುದು. ಅಡಗಿಸಿದ ಕಾಲಂಗಳು ಇರಬಹುದು. ಅಷ್ಟೇ ಅಲ್ಲ, ಸಾಲುಗಳ ಕ್ರಮವೂ ಒಂದು ಗುರುತೇ. ನೀವು ಮನೆಯಿಂದ ಮನೆಗೆ ಹೋಗಿದ್ದೀರಿ, ಅದೇ ಕ್ರಮದಲ್ಲಿ ಸಾಲುಗಳಿವೆ. ಒಂದು ಮನೆ ಗೊತ್ತಾದರೆ ಹಿಂದಿನದು ಮುಂದಿನದು ಎರಡೂ ಗೊತ್ತಾಯಿತು.

ಸಿಕಲ್ ಸೆಲ್ ವಿಷಯದಲ್ಲಿ ಇದು ಬರೀ ಮುಜುಗರದ ಮಾತಲ್ಲ. ತಾಯಿ ತಂದೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರಿಗೆ ಇಂಥ ರಕ್ತದ ತೊಂದರೆ ಏನೂ ಇಲ್ಲದಿದ್ದರೆ ಮಗುವಿಗೆ ಆ ಕಾಯಿಲೆ ಬರುವುದಿಲ್ಲ. ಆದರೆ ಮದುವೆ ಮಾತುಕತೆಯಲ್ಲಿ ಈ ಲೆಕ್ಕ ಯಾರು ಕೇಳುತ್ತಾರೆ? 'ಆ ಮನೆಯಲ್ಲಿ ರಕ್ತ ಸರಿಯಿಲ್ಲವಂತೆ' ಅನ್ನುವ ಒಂದು ಮಾತು ಸಾಕು. ಒಬ್ಬರನ್ನೂ ಗುರುತಿಸಲಾಗದಿದ್ದರೂ ಹಾಡಿಯ ಹೆಸರು ಹೊರಬಿದ್ದರೆ ಅಲ್ಲಿನ ಎಲ್ಲ ಹೆಣ್ಣುಮಕ್ಕಳಿಗೂ ಪೆಟ್ಟು. ಜೇನುಕುರುಬರು ಮತ್ತು ಕೊರಗರು ನಮ್ಮ ರಾಜ್ಯದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಸರ್ಕಾರ ಗುರುತಿಸಿದ ಎರಡು ಸಮುದಾಯಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೂ ಬುಡಕಟ್ಟು ಜನರಿಗೆ ಹೆಚ್ಚಿನ ರಕ್ಷಣೆ ಬೇಕು ಅನ್ನುತ್ತದೆ. ಅಮೆರಿಕದ ಹವಸುಪಾಯ್ ಬುಡಕಟ್ಟಿನವರು 1990ರ ಸುಮಾರಿಗೆ ಮಧುಮೇಹದ ಅಧ್ಯಯನ ಅಂತ ನಂಬಿ ರಕ್ತ ಕೊಟ್ಟರು. ಅದೇ ರಕ್ತದ ಮೇಲೆ ಮನೋರೋಗದ ಬಗ್ಗೆ, ಅವರ ಪೂರ್ವಿಕರು ಎಲ್ಲಿಂದ ಬಂದರು ಎಂಬ ಬಗ್ಗೆ ಅಧ್ಯಯನಗಳಾದವು. ಗೊತ್ತಾದಾಗ ಅವರು ಕೋರ್ಟಿಗೆ ಹೋದರು. 2010ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ವಾಪಸ್ ಕೊಡಬೇಕಾಯಿತು. ಅಲ್ಲಿ ಜಗಳ ಹೆಸರು ಸೋರಿದ್ದರ ಬಗ್ಗೆ ಅಲ್ಲ. ಒಂದಕ್ಕೆ ಅಂತ ಪಡೆದದ್ದನ್ನು ಇನ್ನೊಂದಕ್ಕೆ ಬಳಸಿದ್ದೇ ನೋವಿಗೆ ಕಾರಣ.

ಇಷ್ಟು ಓದಿ 'ಹಾಗಾದರೆ ಗೈಡ್ ಹೇಳಿದ್ದೇ ಸರಿ' ಅನ್ನಬೇಡಿ. ಜರ್ನಲ್‌ನವರು ಡೇಟಾ ಕೇಳುವುದು ಹಠಕ್ಕಲ್ಲ. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದಿಂದ ಅಪಾಯ ಎನ್ನುವ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಡೇಟಾ ತೋರಿಸಿ ಅಂದಾಗ ಅದನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ಕೊಡಲಿಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್ ತೆಗೆದುಕೊಂಡರು. ಮೂಲ ಡೇಟಾ ನೋಡಿದಾಗ ಏನೇನು ಕಾಣುತ್ತದೆ ಅನ್ನುವುದಕ್ಕೆ ಇನ್ನೊಂದು ಲೆಕ್ಕ ಕೇಳಿ. ಅನಸ್ತೀಸಿಯಾ ಎಂಬ ಜರ್ನಲ್‌ನ ಸಂಪಾದಕರಲ್ಲೊಬ್ಬರಾಗಿದ್ದ ಜಾನ್ ಕಾರ್ಲೈಲ್, ತಮ್ಮಲ್ಲಿಗೆ ಬಂದ 526 ಪ್ರಯೋಗಗಳ ಪೇಪರ್‌ಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಬರೆದರು. ಪ್ರತಿ ರೋಗಿಯ ಡೇಟಾ ಕೈಗೆ ಸಿಕ್ಕ 153ರಲ್ಲಿ 67 ಪ್ರಯೋಗಗಳಲ್ಲಿ ಸುಳ್ಳು ಅಂಕಿ ಕಂಡಿತು, ಅಂದರೆ ಶೇ. 44. ಆ ಡೇಟಾ ಸಿಗದೆ ಬರೀ ಪೇಪರ್ ಓದಿದಾಗ ಸಿಕ್ಕಿಬಿದ್ದದ್ದು ಶೇ. 2 ಮಾತ್ರ.

ಇನ್ನು 'ಕೇಳಿದರೆ ಕೊಡುತ್ತೇವೆ' ಎಂಬ ಸಾಲು. 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹೀಗೆ ಬರೆದಿದ್ದ 1,792 ಪೇಪರ್‌ಗಳ ಲೇಖಕರಿಗೆ ಮೇಲ್ ಹಾಕಿ ನಿಜವಾಗಿಯೂ ಕೇಳಿದರು. ಶೇ. 93 ಮಂದಿ ಉತ್ತರ ಕೊಡಲಿಲ್ಲ ಅಥವಾ ಆಗಲ್ಲ ಅಂದರು. ಎಲ್ಲರೂ ಕೆಟ್ಟವರು ಅಂತಲ್ಲ. ವಿದ್ಯಾರ್ಥಿ ಬೇರೆ ಊರಿಗೆ ಹೋಗಿರುತ್ತಾರೆ, ಇಮೇಲ್ ಸತ್ತಿರುತ್ತದೆ, ಲ್ಯಾಪ್‌ಟಾಪ್ ಕೆಟ್ಟಿರುತ್ತದೆ. ಆ ಸಾಲಿನ ಮೇಲೆ ಜರ್ನಲ್‌ಗಳಿಗೆ ನಂಬಿಕೆ ಹೋಗಿರುವುದಕ್ಕೆ ಕಾರಣ ಇದೇ.

ಆದರೆ ನಿಯಮವನ್ನು ಪೂರ್ತಿ ಓದಿ. ನೀವು ಹೇಳಿದ ಸಾಲು ನೋಡಿದರೆ ಅದು ಪ್ಲಾಸ್ ಜರ್ನಲ್‌ಗಳು 2014ರ ಮಾರ್ಚ್‌ನಿಂದ ಇಟ್ಟುಕೊಂಡಿರುವ ಮಾದರಿಯ ನಿಯಮ. ಅವರು ಕೇಳುವುದು ನೀವು ತಂದ ಅಷ್ಟೂ ಡೇಟಾವನ್ನಲ್ಲ, ಪೇಪರಿನ ಫಲಿತಾಂಶಗಳ ಹಿಂದಿರುವಷ್ಟನ್ನು ಮಾತ್ರ. ಸಂದರ್ಶನಗಳ ವಿಷಯದಲ್ಲಿ ಪೂರ್ತಿ ಬರಹ ಕೊಡಲಾಗದಿದ್ದರೆ ಬೇಕಾದ ಆಯ್ದ ಭಾಗಗಳು ಸಾಕು. ಭಾಗವಹಿಸಿದವರಿಗೆ ತೊಂದರೆಯಾಗುವ ಹಾಗಿದ್ದರೆ ಬಹಿರಂಗವಾಗಿ ಇಡಬೇಕಾಗಿಲ್ಲ. ಆಗ ಯಾಕೆ ಇಡಲಾಗದು, ತಡೆದವರು ಯಾರು, ಅರ್ಹರಾದವರು ಯಾರನ್ನು ಕೇಳಬೇಕು, ಈ ಮೂರನ್ನು ಬರೆಯಬೇಕು. ಆ 'ಯಾರನ್ನು' ಅನ್ನುವ ಜಾಗದಲ್ಲಿ ಲೇಖಕರು ಇರಬಾರದು, ಎಥಿಕ್ಸ್ ಕಮಿಟಿಯಂಥ ಒಂದು ಸ್ಥಾನ ಇರಬೇಕು. ನಿಮ್ಮ ಎಡಿಟರ್ ತಕರಾರು ತೆಗೆದಿರುವುದು ಬಹುಶಃ ಇಷ್ಟಕ್ಕೇ.

ಈಗ ನಿಮ್ಮ ಒಪ್ಪಿಗೆ ಪತ್ರದ ಆ ಒಂದು ಪದ. 'ಸಂಶೋಧಕರು ಬಿಟ್ಟು ಬೇರೆ ಯಾರಿಗೂ.' ಕನ್ನಡದಲ್ಲಿ ಗೌರವಕ್ಕೂ ಅದೇ ರೂಪ, ಬಹುವಚನಕ್ಕೂ ಅದೇ ರೂಪ. ಹಾಗಾಗಿ ಜಗತ್ತಿನ ಯಾವ ಸಂಶೋಧಕರಿಗೆ ಕೊಟ್ಟರೂ ಮಾತು ತಪ್ಪಿದಂತಲ್ಲ ಅಂತ ವಾದ ಮಾಡುವವರು ಸಿಗುತ್ತಾರೆ. ನಾನು ಆ ವಾದ ಒಪ್ಪುವುದಿಲ್ಲ. ಹೆಬ್ಬೆಟ್ಟು ಹಾಕಿದ ತಾಯಿಗೆ ಆ ಪದದಲ್ಲಿ ಕಂಡದ್ದು ಎದುರಿಗೆ ಕೂತಿದ್ದ ನೀವು. ಅವರಿಗೆ ಏನು ಅರ್ಥವಾಯಿತೋ ಅದೇ ಒಪ್ಪಿಗೆ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆಯಲ್ಲ ಅಂತಲೂ ಯಾರಾದರೂ ಹೇಳಬಹುದು. ಇದೆ, ಷರತ್ತುಗಳ ಮೇಲೆ. ಕಾಯ್ದೆ ವಿನಾಯಿತಿ ಕೊಟ್ಟ ಮಾತ್ರಕ್ಕೆ ನೀವು ಕೊಟ್ಟ ಮಾತು ಅಳಿಸಿಹೋಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಯಾರ ಗುರುತೂ ಇಲ್ಲದ್ದನ್ನೆಲ್ಲ ಧಾರಾಳವಾಗಿ ಬಹಿರಂಗವಾಗಿ ಇಡಿ. ಪ್ರಶ್ನಾವಳಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಯಾವ ಕಾಲಂ ಅಂದರೆ ಏನು ಎಂಬ ವಿವರಣೆ. ಆರ್ ಅಥವಾ ಎಸ್‌ಪಿಎಸ್‌ಎಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿದ ಕೋಡ್. ಒಟ್ಟು ಲೆಕ್ಕದ ಕೋಷ್ಟಕಗಳು. ಕೋಷ್ಟಕದ ಯಾವ ಚೌಕದಲ್ಲಾದರೂ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಗುಂಪಿಗೆ ಸೇರಿಸಿ. ಹಾಡಿವಾರು ಕೋಷ್ಟಕ ಬೇಡ. ಇವನ್ನು ಝೆನೋಡೊದಲ್ಲಿ ಉಚಿತವಾಗಿ ಇಡಬಹುದು. ಯೂರೋಪಿನ ಸರ್ನ್ ಪ್ರಯೋಗಾಲಯ ನಡೆಸುವ ಭಂಡಾರ ಅದು, ಫೈಲಿಗೆ ಶಾಶ್ವತ ಗುರುತಾಗುವ ಡಿಒಐ ನಂಬರ್ ಸಿಗುತ್ತದೆ, ಬೇರೆಯವರು ಬಳಸಿದರೆ ನಿಮ್ಮ ಹೆಸರು ಹೇಳಲೇಬೇಕು ಅನ್ನುವ ಲೈಸೆನ್ಸನ್ನೂ ಆರಿಸಿಕೊಳ್ಳಬಹುದು. ರಿವ್ಯೂವರ್‌ಗೆ ನಿಮ್ಮ ಲೆಕ್ಕ ಸರಿಯಿದೆಯಾ ಅಂತ ನೋಡಲು ಇದರಿಂದಲೇ ಬಹಳಷ್ಟು ಸಿಗುತ್ತದೆ.

186 ಸಾಲುಗಳ ಮೂಲ ಫೈಲನ್ನು ನಿಮ್ಮ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಯ ಕಾವಲಿನಲ್ಲಿ ಇಡಿ. ಕಮಿಟಿಗೆ ಅರ್ಜಿ ಕೊಡಿ, ಜರ್ನಲ್ ಪತ್ರ ಮತ್ತು ಖಾಲಿ ಒಪ್ಪಿಗೆ ಪತ್ರ ಲಗತ್ತಿಸಿ. 'ಈ ಒಪ್ಪಿಗೆಯ ಪ್ರಕಾರ ಸಾಲುವಾರು ಡೇಟಾ ಬಹಿರಂಗ ಮಾಡುವಂತಿಲ್ಲ, ಯಾರಾದರೂ ಕೇಳಿದರೆ ಕಮಿಟಿ ಪರಿಶೀಲಿಸುತ್ತದೆ' ಎಂದು ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಇದರಲ್ಲೂ ಕಷ್ಟ ಇದೆ. ಕಮಿಟಿ ಮೂರು ತಿಂಗಳಿಗೊಮ್ಮೆ ಸೇರುವುದಾದರೆ ತಡವಾಗುತ್ತದೆ, ಆಗ ಅಧ್ಯಕ್ಷರನ್ನು ಕಂಡು ತುರ್ತು ಪರಿಶೀಲನೆ ಸಾಧ್ಯವಾ ಅಂತ ಕೇಳಿ. ಕೊಡುವ ಇಮೇಲ್ ಕಮಿಟಿಯದ್ದೇ ಆಗಿರಲಿ, ಯಾರೋ ಒಬ್ಬರ ಸ್ವಂತದ್ದು ಬೇಡ, ಅವರು ನಿವೃತ್ತರಾದರೆ ಮತ್ತೆ ಅದೇ ಕಥೆ. ಇಷ್ಟೆಲ್ಲ ಮಾಡಿದರೂ ಎಡಿಟರ್ ಒಪ್ಪದೆ ಇರಬಹುದು. ಹಾಗಾಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ.

ಮತ್ತೆ ಹಾಡಿಗೆ ಹೋಗಿ ಹೊಸದಾಗಿ ಒಪ್ಪಿಗೆ ಕೇಳುವುದು ಇನ್ನೊಂದು ದಾರಿ. ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು, ಎಲ್ಲಕ್ಕಿಂತ ಕಷ್ಟದ್ದು. ಕಮಿಟಿ ಅನುಮತಿ ಮೊದಲು ಬೇಕು. ಎಷ್ಟೋ ಜನ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಿರುತ್ತಾರೆ. ನೀವು ಎರಡನೇ ಸಲ ಬಂದಿದ್ದೀರಿ ಅಂತ ದಾಕ್ಷಿಣ್ಯಕ್ಕೆ ಹೂಂ ಅನ್ನುವವರೂ ಇರುತ್ತಾರೆ, ಆ ಹೂಂ ಒಪ್ಪಿಗೆಯಲ್ಲ. ಮೇಷ್ಟ್ರನ್ನೋ ಅರಣ್ಯ ಇಲಾಖೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಬೇಡಿ, ಅವರ ಎದುರು ಬೇಡ ಅನ್ನುವುದು ಕಷ್ಟ. ಹದಿನಾಲ್ಕು ದಿನದಲ್ಲಿ ಇದು ಆಗದ ಕೆಲಸ. ಮುಂದೆ ಈ ಡೇಟಾವನ್ನು ಬೇರೆಯವರ ಜೊತೆ ಸೇರಿ ಬಳಸುವ ಯೋಚನೆ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಕೆಲವರು ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ, ಹಾಡಿ ತೆಗೆದು, ಉಳಿದದ್ದನ್ನು ಬಹಿರಂಗವಾಗಿ ಹಾಕುತ್ತಾರೆ. ದೊಡ್ಡ ಸಮೀಕ್ಷೆಗಳಲ್ಲಿ ಇದು ನಡೆಯುತ್ತದೆ. ವಯಸ್ಸು, ಊರು, ಉದ್ಯೋಗದಂಥ ಪರೋಕ್ಷ ಗುರುತುಗಳು ಮೂರು ಅಥವಾ ಜಾಸ್ತಿ ಇದ್ದರೆ ಹೊರಗಿನವರೊಬ್ಬರು ಪರಿಶೀಲಿಸದೆ ಬಹಿರಂಗ ಮಾಡಬೇಡಿ ಅಂತ ಬಿಎಂಜೆ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ 2010ರಲ್ಲಿ ಬಂದ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಡೇಟಾದಲ್ಲಿ ಮೂರಕ್ಕಿಂತ ಜಾಸ್ತಿ ಇರುವುದು ಖಂಡಿತ, ಜೊತೆಗೆ ಚಿಕ್ಕ ಸಮುದಾಯ, ಜೊತೆಗೆ ಮದುವೆಯ ವಿಷಯ. ಒಮ್ಮೆ ಇಂಟರ್‌ನೆಟ್‌ಗೆ ಹೋದದ್ದನ್ನು ವಾಪಸ್ ತರಲಾಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನು ಮಾಡುತ್ತಿರಲಿಲ್ಲ. ಬೇರೆ ಜರ್ನಲ್‌ಗೆ ಹೋಗುವುದು ತಪ್ಪೇನಲ್ಲ. ಆದರೆ ಏನೂ ಕೇಳದೆ ದುಡ್ಡು ತೆಗೆದುಕೊಂಡು ಛಾಪಿಸುವ ಕಡೆ ಮಾತ್ರ ಹೋಗಬೇಡಿ.

ಗೈಡ್ ಅವರ ಭಯದ ಬಗ್ಗೆ ಒಂದು ಮಾತು. ಅದು ಸುಳ್ಳು ಭಯ ಅಲ್ಲ. ಮಳೆಯಲ್ಲಿ, ಕಾಡು ದಾರಿಯಲ್ಲಿ ಓಡಾಡಿ ತಂದ ಡೇಟಾವನ್ನು ಎಲ್ಲೋ ಕೂತವರು ಒಂದು ವಾರದಲ್ಲಿ ಪೇಪರ್ ಮಾಡಿದರೆ ಹೊಟ್ಟೆ ಉರಿಯುತ್ತದೆ, ಚಿಕ್ಕ ಕಾಲೇಜುಗಳಲ್ಲಿ ಇರುವವರಿಗೆ ಇನ್ನೂ ಜಾಸ್ತಿ. ಅದಕ್ಕೆ ಮುಂದಿನ ಪೇಪರಿಗೆ ಬೇಕಾದ ಕಾಲಂಗಳನ್ನು ಈ ಪೇಪರ್ ಜೊತೆ ಕೊಡದೆ ಇರುವ ಹಕ್ಕು ನಿಮಗಿದೆ. ಆದರೆ ಈ ಭಯವನ್ನು ಹಾಡಿಯವರ ಗೌಪ್ಯತೆ ಎಂಬ ಹೆಸರಿನಲ್ಲಿ ಎಡಿಟರ್‌ಗೆ ಬರೆಯಬೇಡಿ. ಎರಡೂ ಬೇರೆ ಬೇರೆ ಕಾರಣಗಳು. ಬೆರೆಸಿದರೆ ನಿಜವಾದ ಕಾರಣದ ತೂಕ ಕಡಿಮೆಯಾಗುತ್ತದೆ.

ಮುಂದಿನ ಅಧ್ಯಯನಕ್ಕೆ ಹೋಗುವಾಗ ಒಪ್ಪಿಗೆ ಪತ್ರದಲ್ಲಿ 'ಯಾರಿಗೂ ಕೊಡುವುದಿಲ್ಲ' ಅಂತ ಬರೆಯಬೇಡಿ, ಅಷ್ಟು ದೊಡ್ಡ ಮಾತನ್ನು ಉಳಿಸಿಕೊಳ್ಳುವುದು ಕಷ್ಟ. 'ನಿಮ್ಮ ಹೆಸರು, ಹಾಡಿ ಹೇಳದೆ, ಕಮಿಟಿ ಒಪ್ಪಿದ ಬೇರೆ ಸಂಶೋಧಕರಿಗೆ ಕೊಡಬಹುದಾ? ಬೇಡ ಅಂದರೂ ನೀವು ಅಧ್ಯಯನದಲ್ಲಿ ಇರಬಹುದು' ಎಂದು ಪ್ರತ್ಯೇಕವಾಗಿ ಕೇಳಿ, ಹೌದು ಮತ್ತು ಬೇಡಕ್ಕೆ ಬೇರೆ ಬೇರೆ ಗುರುತು ಹಾಕಿಸಿ.

ಸದ್ಯಕ್ಕೆ ಇವತ್ತೇ ಎಡಿಟರ್‌ಗೆ ಮೇಲ್ ಹಾಕಿ. ಒಪ್ಪಿಗೆ ಪತ್ರದ ಆ ಸಾಲನ್ನು ಇಂಗ್ಲಿಷ್ ಮಾಡಿ ಹಾಗೇ ಬರೆಯಿರಿ, ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡುತ್ತಿದ್ದೇವೆ ಎಂದು ತಿಳಿಸಿ ಹೆಚ್ಚಿನ ಸಮಯ ಕೇಳಿ. ಸಮಯ ಕೇಳುವುದು ಮಾಮೂಲು, ಹೆದರಬೇಡಿ.

ಮತ್ತೆ ಪೇಪರನ್ನೇ ಒಮ್ಮೆ ಊರಿನವರ ಕಣ್ಣಿನಿಂದ ಓದಿ. ಪ್ರತಿ ಮಾತಿನ ಕೆಳಗೆ '36 ವರ್ಷ, ಎರಡು ಹೆಣ್ಣುಮಕ್ಕಳ ತಾಯಿ, ಹಾಡಿ 4' ಅಂತ ಇದ್ದರೆ ತೆಗೆದುಬಿಡಿ. ನಕ್ಷೆಯಲ್ಲಿ ಹಾಡಿಗಳಿಗೆ ಚುಕ್ಕೆ ಇಟ್ಟಿದ್ದೀರಾ ನೋಡಿ. ಕೃತಜ್ಞತೆಯಲ್ಲಿ ಹಾಡಿಯ ಯಜಮಾನರ, ಆಶಾ ಕಾರ್ಯಕರ್ತೆಯರ ಹೆಸರು ಬರೆದಿದ್ದರೆ ಅಲ್ಲಿಗೇ ಒಂಬತ್ತು ಹಾಡಿಗಳೂ ಗೊತ್ತಾದ ಹಾಗೆ. ಅವರಿಗೆ ಮನೆಗೇ ಹೋಗಿ ಧನ್ಯವಾದ ಹೇಳಿ. ನಿಮ್ಮ ಥೀಸಿಸ್ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ ಹೋಗುತ್ತದೆ, ಅದನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು. ಅನುಬಂಧದಲ್ಲಿ ಮಾತಾಡಿಸಿದವರ ಪಟ್ಟಿ, ಫೋಟೋ, ಹೆಬ್ಬೆಟ್ಟಿನ ಒಪ್ಪಿಗೆ ಪತ್ರದ ಸ್ಕ್ಯಾನ್ ಇದ್ದರೆ ಬೈಂಡಿಂಗ್‌ಗೆ ಕೊಡುವ ಮೊದಲೇ ತೆಗೆಯಿರಿ.